ಎರಡು ಬೆಂಕಿಕಡ್ಡಿಯಷ್ಟು ಅಗಲ

ವೇಕ್‌ಫೀಲ್ಡ್, ಶನಿವಾರ

ಅಟ್ರಾಕ್ಟಾ ಅಕ್ಕಾ,

ನಮ್ಮೂರ ಸ್ಟೇಷನ್ನಿನ ಮಾದರಿ ಒಂದು ಗೀರೂ ಬೀಳದೆ ಸಮುದ್ರ ದಾಟಿತು. ಇಲ್ಲಿ ಸಭಾಂಗಣದ ತುಂಬ ಇಂಗ್ಲಿಷರ ಪುಟಾಣಿ ರೈಲುಗಳು. ಇವನ್ನು ಯಾರಾದರೂ ಆಟಿಕೆ ಅಂತ ಕರೆದರೆ ಇವರಿಗೂ ನನ್ನಷ್ಟೇ ಸಿಟ್ಟು.

ಬೆಳಿಗ್ಗೆ ಪ್ರದರ್ಶನದ ಮುಖ್ಯಸ್ಥ ಹಿಂಚ್‌ಲಿಫ್ ತನ್ನ ಮುದ್ದಿನ ಇಂಜಿನ್ ತಂದು, "ನಿಮ್ಮಲ್ಲೂ ಒಂದು ಸುತ್ತು ಓಡ್ಲಿ" ಎನ್ನುತ್ತ, ನಾನು ತಡೆಯುವ ಮೊದಲೇ ನಮ್ಮ ಹಳಿಯ ಮೇಲಿಟ್ಟ. ಅದು ಎರಡು ಕಂಬಿಗಳ ನಡುವೆ ಕುಸಿದು ಕೂತಿತು. ನೆರೆದವರೆಲ್ಲ ನಕ್ಕರು.

"ಏನ್ರೀ ಫಿಂಟನ್, ಹಳಿ ಹಾಕೋವಾಗ ಅಳತೆ ತಪ್ಪಿತಾ?" ಎಂದ ಹಿಂಚ್‌ಲಿಫ್.

"ಐರ್ಲೆಂಡಲ್ಲಿ ನಿಜವಾದ ರೈಲು ಹಳಿನೂ ನಿಮ್ಮದಕ್ಕಿಂತ ಅಗಲ ಸಾರ್. ನಿಮ್ಮ ಇಂಜಿನ್ನೇ ಸೊರಗಿದೆ, ಹೊಟ್ಟೆ ತುಂಬ ಊಟ ಹಾಕಿ" ಎಂದೆ.

ಆತ ಮೊಣಕಾಲೂರಿ ಕೂತು, ಹಳಿಯನ್ನೇ ದಿಟ್ಟಿಸಿ ನೋಡಿ, "ಬನ್ರೋ ಇಲ್ಲಿ! ಪೂರ್ತಿ ಕೈಯಲ್ಲೇ ಮಾಡಿದ್ದಾರೆ!" ಎಂದು ಗೆಳೆಯರನ್ನೆಲ್ಲ ಕೂಗಿ ಕರೆದ. ಸಂಜೆಯವರೆಗೂ ನಮ್ಮ ಮೇಜಿನ ಮುಂದೆ ಜನ ಕರಗಲಿಲ್ಲ.

ಸೊಂಟನೋವು ಪರವಾಗಿಲ್ಲ. ನೀನು ಕಟ್ಟಿಕೊಟ್ಟ ಸೋಡಾ ಬ್ರೆಡ್ ಇನ್ನೂ ಇದೆ.

"ಅಂಗಡಿಯಲ್ಲಿ ಸಿಗೋ ಇಂಗ್ಲಿಷ್ ಅಳತೆ ಹಳಿನೇ ತಂದು ಹಾಕೋ ಮಾರಾಯ, ಎರಡು ಬೆಂಕಿಕಡ್ಡಿಯಷ್ಟು ಅಗಲ ಹೆಚ್ಚು ಕಮ್ಮಿ ಆದ್ರೆ ಯಾರಿಗೆ ಗೊತ್ತಾಗುತ್ತೆ?" ಅಂತ ವರ್ಷಗಟ್ಟಲೆ ಬೈದೆಯಲ್ಲ, ಈಗ ಇಂಗ್ಲೆಂಡಿಗೇ ಗೊತ್ತಾಯಿತು.

ನಿನ್ನ ತಮ್ಮ,
ಫಿಂಟನ್