ಅಕ್ಕಿ ಡಬ್ಬಿಯಲ್ಲಿದ್ದ ಅಜ್ಜಿ

ಗದಗ, ಫೆಬ್ರವರಿ 30, 2191

ನನ್ನ ಅಜ್ಜಿಯ ಅಜ್ಜಿಯ ಅಜ್ಜಿಯಾದ ನಿಮಗೆ,

ಫೆಬ್ರವರಿ ಮೂವತ್ತು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮ ಸರ್ಕಾರ ತಿಂಗಳುಗಳನ್ನೆಲ್ಲ ಸಮ ಮಾಡಿದೆ. ಇಲ್ಲಿ ಎಲ್ಲವನ್ನೂ ಸಮ ಮಾಡುವವರೇ ಹೆಚ್ಚು. ಮೂವತ್ತೆರಡು ವರ್ಷದ ನಿಮ್ಮನ್ನು ಅಜ್ಜಿ ಎಂದು ಕರೆದದ್ದಕ್ಕೂ, ನಡುವೆ ಬರುವ ನಿಮಗೆ ಗೊತ್ತಿಲ್ಲದ ಮಾತುಗಳಿಗೂ ಕ್ಷಮೆಯಿರಲಿ.

ನಿಮ್ಮ ಮಗಳು ಫೋನಿನಲ್ಲಿ ಗೊಂಬೆಮನೆಯ ಆಟ ಆಡುತ್ತಾಳಲ್ಲ, ಸೋಲಿಲ್ಲ ಗೆಲುವಿಲ್ಲ, ಮನಸ್ಸಿಗೆ ಬಂದಂತೆ ಮನೆ ಹೂಡಿ ಕಥೆ ಕಟ್ಟುವುದು, ಅದನ್ನು ನಾವು ಕಟ್ಟಾಟ ಎನ್ನುತ್ತೇವೆ. ಬಿಸಿಲಿಗೆ ಹೆದರಿ ಬೆಳಗಿನ ಹತ್ತಕ್ಕೇ ಬೀದಿ ಮುಚ್ಚುವ ಊರು ನಮ್ಮದು. ಸಂಜೆ ಆರರವರೆಗೆ ಮಕ್ಕಳು ಮನೆಯ ಗೋಡೆಯ ಮೇಲೇ ಬೆರಳಾಡಿಸಿ ಆಡಬೇಕು. ಆಡಿದ್ದೆಲ್ಲ ಉಳಿಯುತ್ತದೆ. ಉಳಿದದ್ದನ್ನು ಆಟದೋದುಗರು ಓದುತ್ತಾರೆ. ಮಗುವಿನ ಆಟ ನೋಡಿ ಮನೆಯ ಕೆಡುಕು ಹುಡುಕುವ ಸರ್ಕಾರಿ ನೌಕರರು ಇವರು. ಆಟದಲ್ಲಿ ಏನಾದರೂ ವಿಪರೀತ ಕಂಡರೆ ‘ಕಳವಳ’ ಎಂದು ಬರೆಯುತ್ತಾರೆ. ಮೂರು ಕಳವಳವಾದರೆ ಮಗುವನ್ನು ಒಂದು ವರ್ಷ ತಿದ್ದುಮನೆಗೆ ಒಯ್ಯುತ್ತಾರೆ, ತಾಯಿ ಅಲ್ಲಿಗೆ ಕಾಲಿಡುವಂತಿಲ್ಲ.

ನನ್ನ ಮಗಳು ಪಾರಿಜಾತಾಳಿಗೆ ಆರು ವರ್ಷ. ಆಗಲೇ ಎರಡು ಕಳವಳ ಬಿದ್ದಿದ್ದವು. ಅವಳ ಆಟದಲ್ಲಿ ಹುಲಿ ದಿನವೂ ಬಚ್ಚಲಿಗೆ ಬಂದು ಎರೆದುಕೊಳ್ಳುತ್ತಿತ್ತು, ಮೇಕೆಗಳು ಸಾಲೆ ಕಲಿಸುತ್ತಿದ್ದವು, ಈಗ ಅಜ್ಜಿಯನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಳು. ನನ್ನ ಅವ್ವ ಅದನ್ನು ನೋಡಿ, “ಇರ್ಲಿ ಬಿಡ, ಅಲ್ಲೆರ ತಂಪ ಇರತೈತಿ” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮುದುಕಿಯನ್ನು ಡಬ್ಬಿಗೆ ತುಂಬುವ ಮನೆ ಎಂದು ಓದುಗರು ಬರೆದರೆ ಮುಗಿಯಿತು.

ಪಾರಿ ಸ್ನಾನಕ್ಕೆ ಹೋದಾಗ ನಾನೇ ಗೋಡೆಯ ಮುಂದೆ ಕುಳಿತೆ. ಅಜ್ಜಿಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದೆ, ಹುಲಿಯನ್ನು ಕಾಡಿಗೆ ಅಟ್ಟಿದೆ, ಎಲ್ಲರಿಗೂ ಸಾಲಾಗಿ ಉಣ್ಣಲಿಟ್ಟು ಮಲಗಿಸಿದೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡೆ. ಎಂಥ ದಡ್ಡಿ ನಾನು!

ಮರುದಿನವೇ ಓದುಗರ ಕಚೇರಿಯಿಂದ ಕರೆ ಬಂತು. ಓದುಗ ರೇಣುಕಪ್ಪನವರು ಒಳ್ಳೆಯ ಮನುಷ್ಯರೇ, ನನಗೆ ನೀರು ಕೊಟ್ಟು ಕೂರಿಸಿದರು. “ಬಾಯಾರ, ಇದು ಕೂಸು ಆಡಿದ್ದಲ್ಲ. ಎಲ್ಲಾರೂ ಉಂಡು ಮಲಗ್ಯಾರ. ನಾ ಇಪ್ಪತ್ತು ವರ್ಷದಿಂದ ಓದಾಕತ್ತೀನಿ, ಕೂಸಿನ ಆಟದಾಗ ಯಾರೂ ನಿದ್ದಿ ಮಾಡೂದಿಲ್ಲ” ಎಂದರು. ಅಜ್ಜಿ ಡಬ್ಬಿಯಲ್ಲಿದ್ದದ್ದೂ ಗೋಡೆಯಲ್ಲಿ ಉಳಿದಿತ್ತು. ಅವರ ಕಾನೂನು ಸರಳ: ಪಾರಿ ಅವರೆದುರೇ ಆಡಬೇಕು, ನಾನು ತುಟಿ ಬಿಚ್ಚಬಾರದು. ಅಜ್ಜಿ ಮತ್ತೆ ಡಬ್ಬಿಗೆ ಹೋದರೆ ಮೂರನೆಯ ಕಳವಳ, ಮಗು ಅಲ್ಲಿಂದಲೇ ತಿದ್ದುಮನೆಗೆ.

ಮೂವರು ಓದುಗರು ಕುಳಿತರು. ಪಾರಿ ಖುಷಿಯಿಂದಲೇ ಹೋಗಿ ಗೋಡೆ ಮುಟ್ಟಿದಳು, ಅಜ್ಜಿಯನ್ನು ಎತ್ತಿದಳು, ಡಬ್ಬಿಯ ಮುಚ್ಚಳ ತೆರೆದಳು. ನಾನು ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ. ಅದು ಮುಖದಲ್ಲಿ ಕಂಡಿತೇನೋ, ಅವಳು ತಿರುಗಿ ನನ್ನನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಮುಚ್ಚಳ ಹಾಕಿ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದಳು. ಹುಲಿಯನ್ನು ಕಾಡಿಗೆ ಕಳಿಸಿದಳು. ಎಲ್ಲರಿಗೂ ಉಣ್ಣಿಸಿ ಒಬ್ಬೊಬ್ಬರನ್ನೇ ಮಲಗಿಸಿದಳು. ರೇಣುಕಪ್ಪನವರು ನನ್ನ ಮುಖ ನೋಡದೆ ‘ಕಳವಳವಿಲ್ಲ’ ಎಂದು ಬರೆದು ನಮ್ಮನ್ನು ಮನೆಗೆ ಕಳಿಸಿದರು.

ಮಗಳು ಉಳಿದಳು ಎಂದು ದಾರಿಯುದ್ದಕ್ಕೂ ಅವಳನ್ನು ಎತ್ತಿಕೊಂಡೇ ಬಂದೆ. ಅವ್ವ ಅವತ್ತು ಸಿಹಿಗೆಂದು ಸಜ್ಜಕ ಮಾಡಿದಳು.

ಅಜ್ಜಿ, ಈ ಓದುಗರೆಲ್ಲ ಆಕಾಶದಿಂದ ಇಳಿದವರಲ್ಲ. ಮಗಳು ಆಟ ಮುಗಿಸಿದಾಗ ನಿಮ್ಮ ಫೋನು ‘ಇದನ್ನು ಉಳಿಸಲೇ?’ ಎಂದು ಕೇಳುತ್ತದೆ. ಮುದ್ದಿಗೆ, ಮುಂದೆ ನೋಡಿ ನಗಲು ಬೇಕೆಂದು ನೀವು ಹೂಂ ಎನ್ನುತ್ತೀರಿ. ಹಾಗೆ ಉಳಿದದ್ದನ್ನು ಮೊದಲು ಆಟ ಮಾರುವವರು ನೋಡಿದರು, ಆಮೇಲೆ ಸಾಲೆಯವರು, ಕೊನೆಗೆ ಸರ್ಕಾರ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ನನ್ನ ಮನಸ್ಸಿನಲ್ಲಿತ್ತೇ? ದಯವಿಟ್ಟು ಫೋನಿಗೆ ಬೇಡ ಎನ್ನಿ. ಅವಳು ಕಟ್ಟಿದ್ದು ಅಲ್ಲೇ ಅಳಿಸಿಹೋಗಲಿ, ನಾಳೆ ಬೇರೆ ಕಟ್ಟುತ್ತಾಳೆ. ಅವಳು ಯಾರನ್ನು ಎಲ್ಲಿ ತುಂಬಿದರೂ ನೀವು ಕೈ ಹಾಕಬೇಡಿ.

ಪಾರಿ ಓದುಗರೆದುರು ಆಡಿ ಹನ್ನೊಂದು ವಾರವಾಯಿತು. ಆಟಕ್ಕೆ ಕೂತ್ಕೋ ಎಂದರೆ ಪಾರಿ ಕೂರುತ್ತಾಳೆ, ಹಟ ಮಾಡುವುದಿಲ್ಲ. ಗೋಡೆ ಬೆಳಗುತ್ತದೆ, ಮನೆ ಖಾಲಿ ಇರುತ್ತದೆ. ಅವಳು ಕೈ ಕಟ್ಟಿಕೊಂಡು ನನ್ನ ಮುಖವನ್ನೇ ನೋಡುತ್ತಾಳೆ.

“ಯವ್ವಾ, ಈಗ ಏನಾಗ್ಬೇಕು? ನೀನ ಹೇಳ.”

ನಿಮ್ಮ ಕುಡಿ,
ನೀಲಗಂಗಾ