ಕಸದ ಚೀಲದಲ್ಲಿ ಚಕ್ಕೋತದ ಸಿಪ್ಪೆ

ರೀ,

ಕಸ ವಿಂಗಡಿಸುವಾಗ ಪೇಪರಿನಲ್ಲಿ ಸುತ್ತಿಟ್ಟ ಚಕ್ಕೋತದ ಸಿಪ್ಪೆ ಸಿಕ್ಕಿತು. ಬಚ್ಚಿಡೋರು ನಾನು ದಿನಾ ಬಿಚ್ಚಿ ನೋಡೋ ಚೀಲದಲ್ಲಾ ಬಚ್ಚಿಡೋದು? ಅದನ್ನು ತಿಂದರೆ ಮಾತ್ರೆಯ ಅಂಶ ರಕ್ತದಲ್ಲಿ ವಿಪರೀತ ಏರಿ ಕಿಡ್ನಿಗೇ ಪೆಟ್ಟು ಅಂತ ಡಾಕ್ಟರು ಹೇಳಿಲ್ವಾ?

ಆಸ್ಪತ್ರೆಗೆ ಫೋನ್ ಮಾಡಿದ್ದೇನೆ. ಬೆಳಗಿನ ಮಾತ್ರೆ ನುಂಗದೆ ಜೇಬಿನಲ್ಲಿಟ್ಟುಕೊಂಡು ಹೋಗಿ. ಮೊದಲು ರಕ್ತ ಕೊಡಿ, ಆಮೇಲೆ ಅವರು ಹೇಳಿದ ಹಾಗೆ ಮಾಡಿ. ಮಿಸೋ ಸಾರು ಒಲೆ ಮೇಲಿದೆ. ಉಪ್ಪು ಕಮ್ಮಿ, ಮುಖ ಸಿಂಡರಿಸದೆ ಕುಡಿಯಿರಿ.

ಹಣ್ಣು ಕಳಿಸಬೇಡಿ ಅಂತ ತೋಸಾ ಊರಿನ ನಿಮ್ಮ ಮನೆಗೂ ಫೋನ್ ಮಾಡಿದೆ. "ಒಂದು ತೊಳೆಗೆ ಏನಾಗುತ್ತಮ್ಮಾ?" ಅಂದರು ನಿಮ್ಮಮ್ಮ. ಮದುವೆಗೆ ಮುಂಚೆ ಸ್ವಭಾವ ಹೊಂದುತ್ತಾ ನೋಡೋಕೆ ರಕ್ತದ ಗುಂಪು ಕೇಳಿ, "ಎ ಹೆಣ್ಣಿಗೂ ಬಿ ಗಂಡಿಗೂ ಜನ್ಮದಲ್ಲಿ ಹೊಂದಲ್ಲ" ಅಂದವರೂ ಅವರೇ. ನಾನು ಕೊಟ್ಟ ಕಿಡ್ನಿಯ ಮೇಲೆ ನಿಮ್ಮ ರಕ್ತಕ್ಕೆ ಹಗೆ ಪೂರ್ತಿ ಹೋಗಿಲ್ಲ, ಆದರೂ ಎರಡೂ ಹೊಂದಿಕೊಂಡು ಬಾಳ್ತಿವೆ ಅಂತ ಮೊನ್ನೆ ಡಾಕ್ಟರು ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಸಂಸಾರವನ್ನೇ ಹೇಳಿದ ಹಾಗಿತ್ತು.

ಉಳಿದ ಚಕ್ಕೋತ ಪಕ್ಕದ ಮನೆಗೆ ಕೊಟ್ಟೆ. ಅದೆಂದರೆ ನನಗೂ ಪ್ರಾಣ, ರೀ. ನಿಮ್ಮೆದುರು ತಿನ್ನಬಾರದು ಅಂತ ಆಪರೇಷನ್ ಆದಾಗಿನಿಂದ ನಾನೂ ಒಂದು ತೊಳೆ ಬಾಯಿಗಿಟ್ಟಿಲ್ಲ.

ಚಿಯಾಕಿ