ಆರು ನಿಮಿಷದ ವಿವರಣೆ

ನವೆಂಬರ್ ೯, ಭಾನುವಾರ

ಪ್ರೀತಿಯ ಗುಬ್ಬಿಗೆ,

ಅಣ್ಣನ ಆಶೀರ್ವಾದಗಳು. ಐವತ್ತೆರಡು ವರ್ಷದವನನ್ನು ಇನ್ನೂ ಗುಬ್ಬಿ ಎನ್ನುತ್ತೇನೆಂದು ನಿನ್ನ ಹೆಂಡತಿ ನಗುತ್ತಾಳೆ, ಗೊತ್ತು. ನಗಲಿ. ನೀನು ಆಗಸ್ಟಿನಲ್ಲಿ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಡ್ಯೂಟಿಯ ನೆಪ ಹೇಳಬಹುದಿತ್ತು, ಹೇಳುವುದಿಲ್ಲ. ಮೂರು ಸಲ ಬರೆಯಲು ಕುಳಿತೆ. ಮೂರು ಸಲವೂ ಕ್ಷೇಮಸಮಾಚಾರ ದಾಟಿ ಮುಂದಕ್ಕೆ ಹೋಗಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ, ಹಿಂದಿನಿಂದ ನಿನ್ನ ಅತ್ತಿಗೆಯ ದನಿ ಕೇಳಿದ ಕೂಡಲೇ ನೀನು "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ.

ವಿಷಯ ಇಷ್ಟು. ಹದಿನೇಳಕ್ಕೆ, ಸೋಮವಾರ, ಆಸ್ಪತ್ರೆ ಸೇರುತ್ತೇನೆ. ಮಾರನೆಯ ದಿನ ಪ್ರಾಸ್ಟೇಟ್ ಆಪರೇಷನ್. ಎಲ್ಲ ಸರಿಹೋದರೆ ಇಪ್ಪತ್ತೊಂದಕ್ಕೆ ಮನೆಗೆ. ರಕ್ತ ಪರೀಕ್ಷೆಯಲ್ಲೂ ಸ್ಕ್ಯಾನಿನಲ್ಲೂ ಕ್ಯಾನ್ಸರಿನ ಲಕ್ಷಣ ಕಾಣಲಿಲ್ಲ. ಆದರೂ ಆಪರೇಷನ್ನಿನಲ್ಲಿ ತೆಗೆದ ಚೂರನ್ನು ಲ್ಯಾಬಿಗೆ ಕಳಿಸುತ್ತಾರೆ. ಗ್ರಂಥಿ ದಪ್ಪಗಾಗಿ ಮೂತ್ರದ ದಾರಿಯನ್ನು ಒತ್ತುತ್ತಿದೆ, ಅಷ್ಟೇ. ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರ ಬರುವ ದಾರಿಯಿಂದಲೇ ಒಳಗೆ ಹೋಗಿ ಕೆರೆದು ತೆಗೆಯುತ್ತಾರಂತೆ. ಮುಖ ಕಿವುಚಬೇಡ, ನಾನಾಗಲೇ ಕಿವುಚಿದ್ದೇನೆ. ಡಾಕ್ಟರು ಪೆನ್ನು ಬಿಚ್ಚಿ, ರೀಫಿಲ್ಲನ್ನು ಒಳಗೂ ಹೊರಗೂ ಆಡಿಸಿ ವಿವರಿಸಿದರು. ಅಂದಿನಿಂದ ಪೆನ್ನು ಹಿಡಿದರೆ ನನಗೆ ಒಂಥರಾ ಆಗುತ್ತದೆ. ಈ ಕಾಗದ ಯಾಕೆ ಪೆನ್ಸಿಲಿನಲ್ಲಿದೆ ಎಂದು ಕೇಳಬೇಡ.

ಇದು ಬಯಲಾದದ್ದು ಸೆಪ್ಟೆಂಬರಿನಲ್ಲಿ, ಇಪ್ಪತ್ತಮೂರನೇ ನಂಬರ್ ರೂಟಿನಲ್ಲಿ. ಬಸ್ಸಿನಲ್ಲಿ ಐವತ್ತು ಜನ, ಮುಂದೆ ಮಾರ್ಕೆಟ್ಟಿನ ಸಿಗ್ನಲ್, ಹಿಂದೆ ಹಾರನ್. ಇನ್ನು ಒಂದು ಸ್ಟಾಪ್ ಕೂಡ ಆಗುವುದಿಲ್ಲ ಎನ್ನಿಸಿತು. ಪೆಟ್ರೋಲ್ ಬಂಕಿನ ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕಂಡಕ್ಟರಿಗೆ "ಎರಡು ನಿಮಿಷ" ಎಂದು ಓಡಿದೆ. ಆರು ನಿಮಿಷ ಆಯಿತು. ಓಡಿಹೋದರೂ ಅಲ್ಲಿ ನಿಂತು ಕಾಯಬೇಕು ನೋಡು, ಈ ಕಾಯಿಲೆಯ ತಮಾಷೆಯೇ ಅದು. ಯಾರೋ ಪ್ರಯಾಣಿಕರು ನನ್ನ ಖಾಲಿ ಸೀಟಿನ ಫೋಟೋ ತೆಗೆದು ದೂರು ಕೊಟ್ಟರು. ಆರು ನಿಮಿಷ ವಾಹನ ಬಿಟ್ಟು ಹೋದದ್ದಕ್ಕೆ ಲಿಖಿತ ವಿವರಣೆ ಕೊಡಿ ಎಂದು ಮೆಮೋ ಬರುವಷ್ಟರಲ್ಲಿ ನಾನು ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದೆ.

ಡಿಪೋ ಮ್ಯಾನೇಜರು ಕೆಟ್ಟವರಲ್ಲ. ಬಾಗಿಲು ಹಾಕಿ ಕೂರಿಸಿಕೊಂಡರು.

"ನಿಮ್ಮ ಸರ್ವಿಸ್ ರೆಕಾರ್ಡ್ ಚೆನ್ನಾಗಿದೆ ಯಜಮಾನ್ರೇ. ಟೈರ್ ನೋಡೋಕೆ ಇಳಿದೆ ಅಂತ ಬರೀರಿ, ಫೈಲ್ ಮುಚ್ತೀನಿ."

"ಟೈರ್ ಚೆನ್ನಾಗಿತ್ತು ಸಾರ್. ಕೆಟ್ಟಿರೋದು ನಾನು."

"ಹೊಟ್ಟೆನೋವು ಅನ್ನಿ."

"ಹೊಟ್ಟೆ ನೋಯಲಿಲ್ಲ."

"ರೀ, ಇದು ಮೇಲಿನ ಆಫೀಸಿಗೆ ಹೋಗೋ ಕಾಗದ. ಅಲ್ಲಿ ಟೈಪ್ ಮಾಡೋರು ಹೆಣ್ಣುಮಕ್ಕಳು."

"ಅವರ ಮನೇಲೂ ಅಪ್ಪಂದಿರು ಇರ್ತಾರೆ ಸಾರ್."

ಅಲ್ಲೇ ಕುಳಿತು ಬರೆದೆ. "ಮೂತ್ರ ತಡೆಯಲಾಗಲಿಲ್ಲ. ಮೂವತ್ತೊಂದು ವರ್ಷ ತಡೆದಿದ್ದೇನೆ. ಈ ರೂಟಿನ ಹದಿನೆಂಟು ಕಿಲೋಮೀಟರಿನಲ್ಲಿ ಚಾಲಕರಿಗೆಂದು ಒಂದು ಶೌಚಾಲಯವೂ ಇಲ್ಲ. ಪ್ರಾಸ್ಟೇಟ್ ತೊಂದರೆಯ ಬಗ್ಗೆ ವೈದ್ಯರ ಚೀಟಿ ಲಗತ್ತಿಸಿದೆ." ಮ್ಯಾನೇಜರು ಅದನ್ನು ಒದ್ದೆ ಬಟ್ಟೆಯ ಹಾಗೆ ಎರಡು ಬೆರಳಲ್ಲಿ ಹಿಡಿದು ಟ್ರೇಗೆ ಹಾಕಿದರು. ಮೇಲಿನವರಿಂದ ಇನ್ನೂ ಉತ್ತರವಿಲ್ಲ. ಬಂದಾಗ ಬರಲಿ, ನನ್ನ ಹತ್ತಿರ ನಕಲು ಇದೆ.

ಮಧ್ಯಾಹ್ನದ ಶಿಫ್ಟಿನ ಹೊತ್ತಿಗೆ ಡಿಪೋಗೆಲ್ಲ ಗೊತ್ತಾಗಿತ್ತು. ವರ್ಕ್‌ಶಾಪಿನ ಮೆಕ್ಯಾನಿಕ್ ಬಸ್ಸಿನ ಕೆಳಗಿನ ಗುಂಡಿಯೊಳಗಿಂದಲೇ ಕೂಗಿದ: "ನಾಝಲ್ ಕಟ್ಕೊಂಡಿದ್ರೆ ಮೊದಲೇ ಹೇಳೋದಲ್ವಾ ಅಣ್ಣಾ, ಕಂಪ್ರೆಸರ್ ಇತ್ತು." ನಾನು ಹೇಳಿದೆ: "ನಿನ್ ಕೈಗೆ ಕೊಟ್ಟ ಗಾಡೀನೇ ತಿಂಗಳಾದ್ರೂ ಹೊರಗೆ ಬರಲ್ಲ. ಇದನ್ನ ಕೊಡ್ತೀನಾ?" ಆ ದಿನ ಎಲ್ಲರೂ ನಕ್ಕರು. ಮಾರನೆಯ ದಿನದಿಂದ ಒಬ್ಬೊಬ್ಬರಾಗಿ ಬರತೊಡಗಿದರು. ಟೈಮ್‌ಕೀಪರು ಸಹಿ ಬೇಕೆಂಬ ನೆಪದಲ್ಲಿ ಬಂದ. ಏರ್‌ಪೋರ್ಟ್ ರೂಟಿನ ಡ್ರೈವರು ಕೈ ತೊಳೆಯುವ ನಲ್ಲಿಯ ಹತ್ತಿರ ಹಿಡಿದುಕೊಂಡು, "ಅಣ್ಣಾ, ಅದು... ನಿಮಗೆ ಪೂರ್ತಿ ಖಾಲಿ ಆಯ್ತು ಅನ್ಸುತ್ತಾ?" ಎಂದು ಕೇಳಿದ. ಹತ್ತು ದಿನದಲ್ಲಿ ಏಳು ಜನ. ಒಬ್ಬನ ಬಾಯಲ್ಲೂ ಹೆಸರು ಬರಲಿಲ್ಲ, ಎಲ್ಲರಿಗೂ "ಅದು". ಪ್ರಾಸ್ಟೇಟ್ ಅನ್ರಯ್ಯಾ, ಬೈಗುಳ ಅಲ್ಲ ಅದು, ಎಂದೆ. ನಾಲ್ವರನ್ನು ಡಾಕ್ಟರ ಹತ್ತಿರ ಕಳಿಸಿದ್ದೇನೆ. ಐದನೆಯವನು ನೀನು. ನಿನಗೂ ಐವತ್ತು ದಾಟಿದೆ, ನಮ್ಮದು ಒಂದೇ ರಕ್ತ. ತೋರಿಸಿಕೊಂಡು ಬಾ.

ನಿನ್ನ ಅತ್ತಿಗೆ ಮೊದಲು ಬೇರೆ ದಾರಿ ಹಿಡಿದಿದ್ದಳು. "ರೀ, ಅಕ್ಕಪಕ್ಕದವರಿಗೆ ಹರ್ನಿಯಾ ಅಂದ್ಬಿಡೋಣ."

"ಹರ್ನಿಯಾ ಆದವರು ಬಂದು ಹೊಲಿಗೆ ತೋರಿಸು ಅಂದ್ರೆ?"

ಅದಾದ ಮೇಲೆ ಅವಳೇ ಕಾಂಪೌಂಡಿನ ಆಚೆಯ ಟೀಚರಮ್ಮನಿಗೆ ಸರಿಯಾದ ಹೆಸರು ಹೇಳಿ ಬಂದಳು. ಟೀಚರಮ್ಮನ ಯಜಮಾನರು ಅಂದೇ ಸಂಜೆ ನಮ್ಮ ಮನೆಗೆ ಬಂದು ಹವಾಮಾನದ ಬಗ್ಗೆ ಅರ್ಧ ಗಂಟೆ ಮಾತನಾಡಿ, ಹೋಗುವಾಗ ಮೆಟ್ಟಿಲ ಮೇಲೆ ನಿಂತು ಡಾಕ್ಟರ ನಂಬರು ಕೇಳಿದರು.

ತಯಾರಿ ಜೋರಾಗಿದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾವತ್ತು ನಿಲ್ಲಿಸಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ. ಇಸಿಜಿ ಆಯಿತು. ಸ್ಕ್ಯಾನಿನವರು ಒಂದು ಲೀಟರ್ ನೀರು ಕುಡಿಸಿ, "ತಡ್ಕೊಂಡು ಕೂತಿರಿ" ಎಂದು ಬೆಂಚು ತೋರಿಸಿದರು. ತಡೆದುಕೊಳ್ಳಲು ಬಂದಿದ್ದರೆ ನಾನೇಕೆ ಇಲ್ಲಿಗೆ ಬರುತ್ತಿದ್ದೆ ಎಂದು ಕೇಳಿದ್ದಕ್ಕೆ ಆ ಹುಡುಗಿಗೂ ನಗು ಬಂತು. ಚೀಲಕ್ಕೆ ಅತ್ತಿಗೆ ಐದು ಟವೆಲ್ ತುಂಬಿದ್ದಾಳೆ. "ಹೆರಿಗೆಗೆ ಹೋಗೋರೂ ಇಷ್ಟು ಒಯ್ಯಲ್ಲ" ಎಂದೆ. "ಹೆರಿಗೆಗೆ ಹೋದಾಗ ನಾನು ಇಷ್ಟು ಗಲಾಟೆ ಮಾಡಲಿಲ್ಲ" ಎಂದಳು. ಆಪರೇಷನ್ನಿನ ಹೊತ್ತಿಗೆ ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ, ಎಚ್ಚರವಿರುತ್ತದೆ. ಆಮೇಲೆ ಎರಡು ಮೂರು ದಿನ ಕೊಳವೆ, ಮಂಚದ ಪಕ್ಕ ಒಂದು ಚೀಲ. ಮೊದಲ ದಿನ ಅದರಲ್ಲಿ ಕೆಂಪಗೆ ಬರುತ್ತದಂತೆ. ಬರಲಿ. ನನಗೆ ಹೆದರಿಕೆಯಿಲ್ಲ ಎಂದರೆ ನೀನು ನಂಬುವುದಿಲ್ಲ. ಹೆದರಿಕೆಯಿದೆ, ಆದರೆ ಅದರ ಮಾತು ಕೇಳುವುದಿಲ್ಲ ಎಂದು ತಿಳಿ.

ಈಗ ಮುಖ್ಯ ಸಂಗತಿ. ಅದು ಗಂಡಸರ ವಾರ್ಡು, ರಾತ್ರಿ ಜೊತೆಗೆ ಗಂಡಸರೇ ಇರಬೇಕು. ನಿನ್ನ ಅತ್ತಿಗೆ ಹೆಡ್ ನರ್ಸ್ ಹತ್ತಿರ ವಾದ ಮಾಡಿದಳು. "ಮೂವತ್ತು ವರ್ಷ ಸಂಸಾರ ಮಾಡಿದೀನಿ ತಾಯಿ, ನಾನು ನೋಡದೇ ಇರೋದು ಏನಿದೆ?" ನರ್ಸಮ್ಮ ಹೇಳಿದರು: "ಇವರದ್ದು ನೋಡಿದೀರಮ್ಮ. ಪಕ್ಕದ ಮಂಚದವರದ್ದು?" ಫಾರಂನಲ್ಲಿ "ಜೊತೆಗಿರುವವರು" ಎಂಬ ಜಾಗ ಇನ್ನೂ ಖಾಲಿಯಿದೆ. ಮೆಕ್ಯಾನಿಕ್ ಬರುತ್ತೇನೆ ಎಂದಿದ್ದಾನೆ, ಮನಸಾರೆ ಹೇಳಿದ್ದಾನೆ. ಅಳಿಯನೂ ಬಂದಾನು. ನೀನು ಬರದಿದ್ದರೆ ನನ್ನ ಆಪರೇಷನ್ ನಿಲ್ಲುವುದಿಲ್ಲ. ಆದರೂ ಅಲ್ಲಿ ನಿನ್ನ ಹೆಸರು ಬರೆಯಬೇಕೆಂದು ನನಗೆ ಆಸೆ.

ಅಪ್ಪ ಹೋದಂದಿನಿಂದ, ಹನ್ನೊಂದು ವರ್ಷ, ನೀನು ಈ ಮನೆಯ ಮೆಟ್ಟಿಲು ತುಳಿದಿಲ್ಲ. ಹಾಸಿಗೆ ಒದ್ದೆಯಾಗುತ್ತದೆಂದು ಅಪ್ಪನ ಮಂಚವನ್ನು ಹಿಂದಿನ ಸಾಮಾನು ಕೋಣೆಗೆ ಹಾಕಿಸಿದವಳು ಅತ್ತಿಗೆ, ಅವಳ ಮುಖ ನೋಡುವುದಿಲ್ಲ ಎಂದೆ ನೀನು. ನನ್ನ ಮಗಳ ಮದುವೆಗೂ ಛತ್ರದ ಗೇಟಿನಲ್ಲಿ ನಿಂತು ಆಶೀರ್ವಾದ ಮಾಡಿ ಹೋದೆ. ಅತ್ತಿಗೆ ತಟ್ಟೆ ಹಿಡಿದು ಬರುವಷ್ಟರಲ್ಲಿ ನೀನು ಆಟೋ ಹತ್ತಿದ್ದೆ. ಅವಳು ನಿನ್ನ ಬಗ್ಗೆ ಒಂದು ದಿನವೂ ಕೆಟ್ಟ ಮಾತಾಡಿಲ್ಲ. ಇದನ್ನು ಅವಳ ಪರ ವಕಾಲತ್ತು ಎಂದುಕೊಳ್ಳಬೇಡ, ಇರುವುದನ್ನು ಇದ್ದಹಾಗೆ ಬರೆದಿದ್ದೇನೆ.

ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ಎಲ್ಲರೂ ಗಟ್ಟಿಯಾಗಿರಿ, ಹೊಟ್ಟೆ ತುಂಬ ಉಣ್ಣಿ. ಗುಬ್ಬಿ, ನೀನು ನೂರು ವರ್ಷ ಬಾಳು, ಡಾಕ್ಟರಿಗೆ ಹೆದರದೆ ಬಾಳು.

ಇಂತಿ,
ನಿನ್ನ ಅಣ್ಣ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಟೈರ್ ನೋಡಲು ಇಳಿದೆ ಎಂದು ಬರೆಯದವನು ನಿನಗೆ ಮಾತ್ರ ಹಾಗೆ ಬರೆದರೆ ಹೇಗೆ?

ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇತ್ತೇ ಎಂದು ಡಾಕ್ಟರು ಕೇಳಿದರು. ಅಪ್ಪನಿಗೆ ಇತ್ತು ಅನ್ನಿಸುತ್ತದೆ ಎಂದೆ. ಏನು ಚಿಕಿತ್ಸೆ ಕೊಡಿಸಿದಿರಿ ಎಂದರು. ಅಪ್ಪನ ಮಂಚವನ್ನು ಹಿಂದಿನ ಕೋಣೆಗೆ ಹಾಕಿದ್ದು ನಿನ್ನ ಅತ್ತಿಗೆಯಲ್ಲ, ನಾನು. ಡಿಪೋದ ಗೆಳೆಯರು ಮನೆಗೆ ಬಂದಿದ್ದ ದಿನ ಒಬ್ಬ ಕರ್ಚೀಫು ತೆಗೆದು ಮೂಗಿಗೆ ಹಿಡಿದ. ಅವರು ಹೋದ ಕೂಡಲೇ ಮಂಚ ಎಳೆದೆ. ಅವಳು ಬಾಗಿಲಿಗೆ ಅಡ್ಡ ನಿಂತಳು, ಅವಳನ್ನು ಪಕ್ಕಕ್ಕೆ ತಳ್ಳಿದೆ. "ಸ್ವಲ್ಪ ನಾಚಿಕೆ ಇರಲಿ ಅಪ್ಪಾ" ಎಂದೆ. ನೀನು ಬಂದು ಇದು ಯಾರ ಕೆಲಸ ಎಂದು ಕೂಗಿದಾಗ ನಾನಿನ್ನೂ ಬಾಯಿ ತೆರೆದಿರಲಿಲ್ಲ, ಅವಳು "ನಂದೇ" ಎಂದುಬಿಟ್ಟಳು. ಆಮೇಲೆ ನನಗೆ ಹೇಳಿದಳು: "ಅಣ್ಣ ತಮ್ಮ ಕೆಡಬಾರದು. ಸೊಸೆ ಕೆಟ್ಟವಳು ಅಂದ್ರೆ ಯಾರಿಗೂ ಆಶ್ಚರ್ಯ ಆಗಲ್ಲ ಬಿಡಿ." ನಾನು ಬಿಟ್ಟೆ. ಹನ್ನೊಂದು ವರ್ಷ ಬಿಟ್ಟೆ.

ಆ ಕೋಣೆಗೆ ಹೋದ ಮೇಲೆ ಅಪ್ಪನ ಹಾಸಿಗೆ ದಿನದಿನಕ್ಕೂ ಒಣಗುತ್ತ ಬಂತು. ನನ್ನ ಮಾತು ನಾಟಿತು ಎಂದು ಖುಷಿಪಟ್ಟೆ. ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಬರುವುದೋ ಬಿಡುವುದೋ ಈಗ ನೀನೇ ತೀರ್ಮಾನಿಸು. ಬಂದರೆ ಮೊದಲು ಅವಳನ್ನು ಮಾತನಾಡಿಸು. ನನ್ನನ್ನು ಆಮೇಲೆ ನೋಡಿದರೂ ಆದೀತು.